ಸೂಜಿಯ ಸುದ್ದಿ ಯಾರ ಕಿವಿಗೆ?

‘ಸಾರ್ವಜನಿಕರಿಗೆ ಈ ಮೂಲಕ ತಿಳಿಸಲಾಗಿದೆ’ ಎಂಬ ಮಾತು ಸರ್ಕಾರಿ ಪ್ರಕಟಣೆಗಳಲ್ಲಿ ತಪ್ಪದೆ ಇರುತ್ತದೆ. ಮಹಾನಗರ ಪಾಲಿಕೆಯಾಗಲಿ, ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಾಗಲಿ, ಲಸಿಕೆಯ ದಿನ, ಶಿಬಿರದ ಜಾಗ, ದಂಡದ ಮೊತ್ತ ಎಲ್ಲವನ್ನೂ ಸಾರ್ವಜನಿಕರಿಗೆ ತಿಳಿಸಿ ಕೈ ತೊಳೆದುಕೊಳ್ಳುತ್ತವೆ. ಈ ಸಾರ್ವಜನಿಕರು ಯಾರು? ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುವವನು, ಕಿಸೆಯಲ್ಲಿ ಮೊಬೈಲು ಇಟ್ಟುಕೊಂಡವನು. ಅವನ ಹೆಂಡತಿ, ತಾಯಿ, ಸೊಸೆ ಆ ಶಬ್ದದೊಳಗೆ ಬರುತ್ತಾರೋ ಇಲ್ಲವೋ ಎಂದು ಕೇಳಿಕೊಳ್ಳುವ ಅಭ್ಯಾಸ ಕಚೇರಿಗಳಿಗಿಲ್ಲ.

ಕೊರೊನಾ ಮುಗಿದ ಕತೆಯಲ್ಲವೇ, ಈಗೇಕೆ ಈ ಮಾತು ಎಂದು ಕೆಲವರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು ನಿಜ. ಆದರೆ ಆ ಮೂರು ವರ್ಷ ಹೆಂಗಸರಿಗೆ ಸುದ್ದಿ ಹೇಗೆ ಮುಟ್ಟಿತು, ಎಲ್ಲಿ ತಡೆದು ನಿಂತಿತು ಎಂಬುದು ನಮ್ಮ ಸಂಘಗಳಲ್ಲಿ ಕೂತು ಹಾಕಬೇಕಾದ ಲೆಕ್ಕ. ಸಾಲದ ಕಂತಿನ ಲೆಕ್ಕವನ್ನು ನಾವು ಎಷ್ಟು ಕಟ್ಟುನಿಟ್ಟಾಗಿ ಇಡುತ್ತೇವೋ ಅಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಇಡಬೇಕು.

ಲಸಿಕೆ ಬೆಳಗಾವಿಗೆ ಹೊಸದಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಂದರೆ ಇಂದಿನ ಮಕ್ಕಳಿಗೆ ಗಿಡಮರಗಳ ನಡುವೆ ತಿರುಗಾಡುವ ಜಾಗ. ಕಳೆದ ಶತಮಾನದ ಆರಂಭದಿಂದ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ದೇವಿ ಹಾಕುವವರು ಬಂದರೆಂದರೆ ಮಕ್ಕಳನ್ನು ಹಿತ್ತಲಲ್ಲಿ ಬಚ್ಚಿಡುತ್ತಿದ್ದ ಅಜ್ಜಿಯರ ಕತೆ ಎಷ್ಟೋ ಮನೆಗಳಲ್ಲಿದೆ. ಆ ಬೇನೆ 1975ರಲ್ಲಿ ದೇಶ ಬಿಟ್ಟು ಹೋಯಿತು. 2020ರಲ್ಲಿ ಕೋವ್ಯಾಕ್ಸಿನ್ ಪ್ರಯೋಗಕ್ಕೆ ದೇಶದಲ್ಲಿ ಆರಿಸಿದ 12 ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನರೇಖಾ ಒಂದು. 2021ರ ಜನವರಿಯಲ್ಲಿ ರಾಜ್ಯಕ್ಕೆ ಬಂದ ಮೊದಲ ಕಂತಿನ 7.95 ಲಕ್ಷ ಡೋಸ್ ಕೋವಿಶೀಲ್ಡ್‌ನಲ್ಲಿ 1.47 ಲಕ್ಷ ಡೋಸ್ ನೇರ ಬೆಳಗಾವಿಗೆ ಬಂತು. ಔಷಧ ನಮ್ಮ ಅಂಗಳಕ್ಕೇ ಬಂದು ಇಳಿಯಿತು. ಸುದ್ದಿ ಮಾತ್ರ ಹೊಸ್ತಿಲು ದಾಟಿ ಅಡುಗೆಮನೆಗೆ ಬರಲು ತಿಂಗಳುಗಟ್ಟಲೆ ಬೇಕಾಯಿತು.

ಏಕೆ? ಮೊದಲನೆಯದಾಗಿ ಮೊಬೈಲು. ಜನವರಿ 16ರಂದು ಆರೋಗ್ಯ ಸಿಬ್ಬಂದಿಗೆ, ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದವರಿಗೆ ಲಸಿಕೆ ಶುರುವಾಯಿತು. ಮೇ 1ರಿಂದ 18 ದಾಟಿದ ಎಲ್ಲರಿಗೂ ಎಂದರು. ಆದರೆ 18ರಿಂದ 44ರ ವಯಸ್ಸಿನವರು ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಮೊಬೈಲಿಗೆ ಬಂದ ಸಂಖ್ಯೆಯನ್ನು ಕೂಡಲೇ ಹೇಳಬೇಕು. ಮನೆಯಲ್ಲಿರುವುದು ಒಂದೇ ಮೊಬೈಲು, ಅದು ಗಂಡನ ಕೈಯಲ್ಲಿ. ಅಂದರೆ ತನ್ನ ತೋಳಿಗೆ ಸೂಜಿ ಹಾಕಿಸಿಕೊಳ್ಳಲು ಹೆಣ್ಣು ಗಂಡನ ಒಪ್ಪಿಗೆಗೆ ಕಾಯಬೇಕು. ಕಾನೂನಿನಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ. ವ್ಯವಸ್ಥೆಯೇ ಹಾಗೆ ಬರೆಯಿತು. ಸುಪ್ರೀಂ ಕೋರ್ಟು ಮೇ ಕೊನೆಯಲ್ಲಿ ಈ ಮೊಬೈಲು ನೋಂದಣಿಯ ಬಗ್ಗೆ ಕೇಂದ್ರವನ್ನು ಪ್ರಶ್ನಿಸಿತು. ಜೂನ್ 21ರಿಂದ ನೇರವಾಗಿ ಹೋಗಿಯೂ ಹಾಕಿಸಿಕೊಳ್ಳಬಹುದೆಂಬ ನಿಯಮ ಗಟ್ಟಿಯಾಯಿತು. ಎರಡನೆಯ ಅಲೆಯ ಬಹುಪಾಲು ಸಾವುಗಳು ಅಷ್ಟರಲ್ಲಿ ಆಗಿಹೋಗಿದ್ದವು. ಆ ವರ್ಷದ ನಡುವಿನವರೆಗೂ ದೇಶದಲ್ಲಿ ಲಸಿಕೆ ಪಡೆದ ಗಂಡಸರಿಗಿಂತ ಹೆಂಗಸರ ಸಂಖ್ಯೆ ಕಡಿಮೆಯಿತ್ತು. ಊರಿಗೇ ಬಂದು ಹಾಕತೊಡಗಿದ ಮೇಲೆ ಆ ಅಂತರ ಕರಗಿತು. ಹೆಂಗಸರು ಹೆದರುಪುಕ್ಕರು, ಅವರಿಗೆ ತಿಳುವಳಿಕೆ ಇಲ್ಲ ಎಂದು ಆಡಿಕೊಂಡವರಿಗೆ ಇದೇ ಉತ್ತರ.

ಖಾನಾಪುರ ತಾಲ್ಲೂಕಿನ ಮಾತು ಬೇರೆಯೇ. ಭೀಮಗಡದ ಕಾಡಿನೊಳಗೆ ಆಮಗಾಂವ, ಗವಾಳಿ, ಕೊಂಗಳಾ, ತಳೇವಾಡಿಯಂಥ ಊರುಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ, ಮೊಬೈಲಿನ ಸಿಗ್ನಲ್ ದೂರದ ಮಾತು. 2024ರ ಮಳೆಗಾಲದಲ್ಲಿಯೂ ಆಮಗಾಂವದ ಅನಾರೋಗ್ಯದ ಹೆಣ್ಣುಮಗಳೊಬ್ಬಳನ್ನು ಊರವರು ಕಟ್ಟಿಗೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ಕಾಡುದಾರಿ ನಡೆಯಬೇಕಾಯಿತು. ಇಂಥ ಊರಿಗೆ ‘ಸಾರ್ವಜನಿಕರಿಗೆ ತಿಳಿಸಲಾಗಿದೆ’ ಎಂಬ ಸಂದೇಶ ಮುಟ್ಟಿಸಿದವಳು ಒಬ್ಬ ಆಶಾ ಕಾರ್ಯಕರ್ತೆ, ಕಾಲ್ನಡಿಗೆಯಲ್ಲಿ. 2020ರ ಜುಲೈನಲ್ಲಿ ರಾಜ್ಯದ 40 ಸಾವಿರಕ್ಕೂ ಹೆಚ್ಚು ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಿದ್ದರು. ಕೇಳಿದ್ದು ಸಿಗಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಪ್ರಶಸ್ತಿಯಿಂದ ರೊಟ್ಟಿಯ ಹಿಟ್ಟು ಬರುವುದಿಲ್ಲವಲ್ಲ.

ಇನ್ನು ನಗರಕ್ಕೆ ಬರೋಣ. ಸಂವಿಧಾನದ 74ನೇ ತಿದ್ದುಪಡಿಯು ಸಾರ್ವಜನಿಕ ಆರೋಗ್ಯವನ್ನು ನಗರಾಡಳಿತಕ್ಕೆ ಒಪ್ಪಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕು ಎಂದೂ ಹೇಳಿದೆ. ಬೆಳಗಾವಿ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. 58 ವಾರ್ಡುಗಳಿಗೆ ಸದಸ್ಯರು ಆರಿಸಿ ಬಂದರು, ಆದರೆ ಮೇಯರ್ ಆಯ್ಕೆಯಾದದ್ದು 2023ರ ಫೆಬ್ರುವರಿಯಲ್ಲಿ! ಅಂದರೆ ಕೊರೊನಾ ಬಂದು, ಎರಡು ಅಲೆ ಎದ್ದು, ಲಸಿಕೆ ಹಾಕಿ ಮುಗಿಯುವವರೆಗೂ ಈ ಊರಿಗೆ ಕೂತು ಮಾತಾಡುವ ಒಂದು ಸಭೆಯೇ ಇರಲಿಲ್ಲ. ಅದೇ ಎರಡನೆಯ ಅಲೆ ಏಳುತ್ತಿದ್ದ 2021ರ ಏಪ್ರಿಲ್ 17ರಂದು ಲೋಕಸಭೆಯ ಉಪಚುನಾವಣೆಯನ್ನು ಮಾತ್ರ ಇಲ್ಲಿ ನಡೆಸಿದರು. ದಿಲ್ಲಿಯ ಕುರ್ಚಿಗೆ ಅವಸರ, ಓಣಿಯ ಕುರ್ಚಿಗೆ ತಾಳ್ಮೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿಯೂ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಯಲ್ಲೇ ಉಳಿದವು. ಮೀಸಲಾತಿಯಿಂದ ಬಂದ ನಮ್ಮ ಸದಸ್ಯೆಯರು ಗಂಡಂದಿರ ಮಾತು ಕೇಳುತ್ತಾರೆಂದು ನಗುವವರಿದ್ದಾರೆ. ನಗಲಿ. ಬಾಗಿಲು ಬಡಿದು ‘ನಮ್ಮ ಓಣಿಗೆ ಲಸಿಕೆ ಎಂದು?’ ಎಂದು ಕೇಳಲು ಒಬ್ಬ ಸದಸ್ಯೆಯಾದರೂ ಬೇಕಿತ್ತು.

ಸದಾಶಿವನಗರದ ಸ್ಮಶಾನ ಈ ಜಿಲ್ಲೆಗೆಲ್ಲ ಗೊತ್ತು. ಪ್ರತಿ ಡಿಸೆಂಬರ್ 6ರಂದು ಅಲ್ಲಿ ಮಾನವ ಬಂಧುತ್ವ ವೇದಿಕೆಯವರು ಮೂಢನಂಬಿಕೆ ವಿರೋಧಿ ಕಾರ್ಯಕ್ರಮ ಮಾಡುತ್ತಾರೆ. 2021ರ ಬೇಸಿಗೆಯಲ್ಲಿ ಆ ಸ್ಮಶಾನದ ಬೆಂಕಿ ಆರಲಿಲ್ಲ. ದಿನದ ಪ್ರಕಟಣೆಯಲ್ಲಿ ಸತ್ತವರ ಸಂಖ್ಯೆ ಬರುತ್ತಿತ್ತು. ಉಳಿದವಳಿಗೆ ಏನು ಸಿಗುತ್ತದೆಂಬ ಮಾತು ಬರುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಬಡ ಕುಟುಂಬಗಳಿಗೆ 1 ಲಕ್ಷ ರೂಪಾಯಿ ಪ್ರಕಟಿಸಿತು. ನಂತರ ಸುಪ್ರೀಂ ಕೋರ್ಟಿನ ಆದೇಶದಿಂದ ಎಲ್ಲ ರಾಜ್ಯಗಳಲ್ಲೂ 50 ಸಾವಿರದ ಪರಿಹಾರ ಬಂತು. ರಾಜ್ಯದ ಯೋಜನೆ ಪ್ರಕಟವಾದಾಗ ‘ದುಡಿಯುವ ಸದಸ್ಯ’ ಸತ್ತರೆ ಎಂಬ ಮಾತಿತ್ತು. ಬೆಳಗಿನ ನೀರಿನಿಂದ ರಾತ್ರಿಯ ಮುಸುರೆಯವರೆಗೆ ಗೇಯುವ ಮನೆಯೊಡತಿ ಸತ್ತರೆ ಆಕೆ ದುಡಿಯುವವಳು ಹೌದೋ ಅಲ್ಲವೋ? ಈ ಪ್ರಶ್ನೆಯನ್ನು ನಾವು ವರದಕ್ಷಿಣೆಯ ವಿಷಯದಲ್ಲಿಯೂ ಕೇಳಿಕೊಂಡು ಬಂದಿದ್ದೇವೆ. ಆಕೆಯ ದುಡಿಮೆಗೆ ಬೆಲೆಯಿಲ್ಲವೆಂದೇ ಆಕೆಯನ್ನು ಸಾಗಹಾಕಲು ತವರಿನವರು ಹಣ ತೆರುವುದು.

ಮನೆಯೊಳಗಿನ ಮಾತನ್ನೂ ಆಡಲೇಬೇಕು. ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂದು ಧ್ವನಿವರ್ಧಕ ಕೂಗುತ್ತಿತ್ತು. ಹೊಡೆಯುವವನ ಜೊತೆ ಬೀಗ ಹಾಕಿದ ಮನೆ ಸುರಕ್ಷಿತವೇ? ರಾಷ್ಟ್ರೀಯ ಮಹಿಳಾ ಆಯೋಗಕ್ಕೆ 2020ರಲ್ಲಿ 23,722 ದೂರುಗಳು ಬಂದವು, ಹಿಂದಿನ ಆರು ವರ್ಷಗಳಲ್ಲೇ ಹೆಚ್ಚು. ದೂರು ಕೊಡಲೂ ಮೊಬೈಲು ಬೇಕು, ಅದು ಹೊಡೆಯುವವನ ಕಿಸೆಯಲ್ಲಿದೆ. ಸೂಜಿಯ ಸುದ್ದಿಗೂ ಏಟಿನ ಸುದ್ದಿಗೂ ಅಡ್ಡ ನಿಂತದ್ದು ಒಂದೇ ಗೋಡೆ.

ಮುಟ್ಟಿನ ವಿಷಯದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಮುಟ್ಟಿನ ಐದು ದಿನ ಹಿಂದೆ ಮುಂದೆ ಲಸಿಕೆ ಬೇಡ ಎಂಬ ಸುಳ್ಳು 2021ರ ಏಪ್ರಿಲ್‌ನಲ್ಲಿ ವಾಟ್ಸಾಪಿನಲ್ಲಿ ಹರಿದಾಡಿತು. ಕೇಂದ್ರ ಸರ್ಕಾರ ಅದು ಸುಳ್ಳೆಂದು ಹೇಳಿತು. ಸರಿಯೇ. ಆದರೆ ಲಸಿಕೆಯ ನಂತರ ಮುಟ್ಟು ಹಿಂದುಮುಂದಾಯಿತು ಎಂದು ಹೆಂಗಸರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಮೆರಿಕದಲ್ಲಿ 2022ರ ಆರಂಭದಲ್ಲಿ ಪ್ರಕಟವಾದ ಅಧ್ಯಯನವು, ಡೋಸ್ ಪಡೆದ ತಿಂಗಳಲ್ಲಿ ಋತುಚಕ್ರ ಸರಾಸರಿ ಒಂದು ದಿನಕ್ಕಿಂತ ಕಡಿಮೆ ಉದ್ದವಾಗುತ್ತದೆ, ಮತ್ತೆ ಸರಿಹೋಗುತ್ತದೆ ಎಂದು ತೋರಿಸಿತು. ಭಯಪಡುವಂಥದ್ದೇನೂ ಇಲ್ಲ. ಅಷ್ಟು ಸಣ್ಣ ಉತ್ತರವನ್ನು ಮೊದಲೇ ಕಂಡುಕೊಳ್ಳಬಹುದಿತ್ತು, ಲಸಿಕೆಯ ಪ್ರಯೋಗಗಳಲ್ಲಿ ಹೆಂಗಸರ ಮುಟ್ಟಿನ ಬಗ್ಗೆ ಕೇಳಿದ್ದರೆ. ಬಸುರಿಯರಿಗೂ ಹೀಗೆಯೇ, ಅವರಿಗೆ ಲಸಿಕೆ ಕೊಡಬಹುದೆಂದು ಕೇಂದ್ರ ಒಪ್ಪಿದ್ದು ಜುಲೈ 2ರಂದು, ಎರಡನೆಯ ಅಲೆ ಇಳಿದ ಮೇಲೆ.

ಹಾಗೆಂದು ಲಸಿಕೆ ಬೇಡವೆನ್ನುವವರ ಸಾಲಿಗೆ ನಾವು ಸೇರಬಾರದು. 1897ರಲ್ಲಿ ಪುಣೆಯಲ್ಲಿ ಪ್ಲೇಗಿನವರ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಆ ಊರಿನಲ್ಲಿ ಅದೇ ವರ್ಷ ಸಿಪಾಯಿಗಳು ಮನೆ ನುಗ್ಗಿ ಹೆಂಗಸರ ಮೈ ಪರೀಕ್ಷಿಸಿದ್ದಕ್ಕೆ ಜನ ಸಿಡಿದೆದ್ದರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್ಕಿನ್‌ನ ಪ್ಲೇಗ್ ಲಸಿಕೆ ಹಾಕಿಸಿಕೊಂಡರು. ಲಸಿಕೆ ಜೀವ ಉಳಿಸುತ್ತದೆ, ಬಲವಂತ ನಂಬಿಕೆ ಕೆಡಿಸುತ್ತದೆ. ಎರಡೂ ಆಗಲೇ ಗೊತ್ತಿದ್ದ ಮಾತು.

ನಂಬಿಕೆ ಕೆಡುವುದು ಬಲವಂತದಿಂದ ಮಾತ್ರವಲ್ಲ. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದ ಮೂರು ಹಸುಗೂಸುಗಳು ಸತ್ತವು. ಲಸಿಕೆಯ ಸೀಸೆಗಳನ್ನು ನಿಯಮದಂತೆ ಶೀತಲ ಪೆಟ್ಟಿಗೆಯಲ್ಲಿ ಇಡದೆ ಹೋಟೆಲಿನ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಆರಂಭದ ವಿಚಾರಣೆಯಲ್ಲಿ ಹೇಳಿದರು. ನರ್ಸನ್ನೂ ಔಷಧ ವಿತರಕರನ್ನೂ ಅಮಾನತು ಮಾಡಿದರು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ಕೂಸು ಕಳೆದುಕೊಂಡ ತಾಯಂದಿರ ಮುಂದೆ ಬೇರೆ ಮಾತಿಲ್ಲ. ಆದರೆ ಊರಿಂದೂರಿಗೆ ಒಬ್ಬಳೇ ಓಡಾಡುವ ನರ್ಸಿಗೆ ಶೀತಲ ಪೆಟ್ಟಿಗೆ, ವಾಹನ ಸಿಗುತ್ತಿದೆಯೇ ಎಂದು ನೋಡಬೇಕಾದ ಮೇಲಿನವರ ಜವಾಬ್ದಾರಿಯನ್ನೂ ಕೇಳಬೇಕು. ಜಿಲ್ಲೆಯ ತಾಯಂದಿರಿಗೆ ಅಂದು ಬೇಕಿದ್ದದ್ದು ಒಂದು ತಿಳಿಗನ್ನಡದ ವಿವರಣೆ: ಏನಾಯಿತು, ನಿಮ್ಮ ಕೂಸಿನ ಮುಂದಿನ ಸೂಜಿ ಏಕೆ ಸುರಕ್ಷಿತ, ಹಾಕುವ ಮುನ್ನ ನೀವು ಏನು ಕೇಳಬೇಕು. ಪೆಟ್ಟಿಗೆ ತಣ್ಣಗಿದೆಯೇ, ಸೀಸೆ ಯಾವಾಗ ಒಡೆದದ್ದು ಎಂದು ಕೇಳುವ ಹಕ್ಕು ನಿಮಗಿದೆ, ಅಕ್ಕಂದಿರೇ. ದಡಾರದ ಲಸಿಕೆಯ ಸೀಸೆ ಒಡೆದು ನಾಲ್ಕು ತಾಸು ಕಳೆದರೆ ಬಳಸುವಂತಿಲ್ಲ.

ಈಚಿನದು ಡೆಂಗ್ಯೂ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಿಸಿ ಸೊಳ್ಳೆ ಬೆಳೆಸಿದ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದಿತು. ಬೆಳಗಾವಿಯ 10 ವಾರ್ಡುಗಳಿಗೆ 2008ರಿಂದ ದಿನದ 24 ತಾಸೂ ನೀರು ಬರುತ್ತದೆ. ಉಳಿದ ಓಣಿಗಳವರು ನಳ ಬರುವ ದಿನ ಎಣಿಸುತ್ತ ಬಂದವರು. ನಳ ಬಾರದ ದಿನಕ್ಕೆಂದು ಡ್ರಮ್ಮು, ಕೊಡ, ಹಂಡೆ ತುಂಬಿಡುವವಳು ಹೆಂಗಸು. ಮುಚ್ಚಿಡಬೇಕು, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಬೇಕು ಎಂಬುದು ಒಳ್ಳೆಯ ಮಾತೇ, ನಾವೂ ಪಾಲಿಸೋಣ. ಆದರೆ ನೀರು ಕೊಡದ ಕಚೇರಿಗೆ ಎಷ್ಟು ರೂಪಾಯಿ ದಂಡ?

ಹಾಗಾದರೆ ಕೇಳುವ ದಾರಿ ಯಾವುದು? ದಾರಿ ಕಾಗದದ ಮೇಲೆ ಇದೆ. ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ನಗರದ ಬಡ ಓಣಿಗಳಲ್ಲಿ 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು, ಅದರಲ್ಲಿ 10-12 ಹೆಂಗಸರು, ವರ್ಷಕ್ಕೆ 5 ಸಾವಿರ ರೂಪಾಯಿ ಮುಕ್ತನಿಧಿ. ಸ್ವಸಹಾಯ ಸಂಘದ ಸದಸ್ಯೆಯರೇ ಇದಕ್ಕೆ ಮೊದಲು ಬರಬೇಕಾದವರು. ಕೊರೊನಾದಲ್ಲಿ ಮಾಸ್ಕ್ ಹೊಲಿಯಲು ನಮ್ಮ ಸಂಘಗಳು ಸರ್ಕಾರಕ್ಕೆ ನೆನಪಾದವು; ಸುದ್ದಿ ಹೇಳಲೂ ನೆನಪಾಗಲಿ. ಶಿಬಿರದ ದಿನಾಂಕ ಮೊದಲು ಸಂಘದ ಸಭೆಗೆ ಬರಲಿ, ಅಂಗನವಾಡಿಯ ಗೋಡೆಯ ಮೇಲೆ ಕನ್ನಡದಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ ದಪ್ಪಕ್ಷರದಲ್ಲಿ ಬರಲಿ. ಓದು ಬಾರದವರಿಗೆ ಓದಿ ಹೇಳುವ ಕೆಲಸ ನಮ್ಮದು. ಭಾಷೆಯ ಜಗಳ ಚೌಕದಲ್ಲಿ ಮಾಡುವವರು ಮಾಡಿಕೊಳ್ಳಲಿ, ಜ್ವರಕ್ಕೆ ಭಾಷೆಯಿಲ್ಲ.

ಈ ತಿಂಗಳ ಸಭೆಯಲ್ಲಿ ಉಳಿತಾಯದ ಪುಸ್ತಕ ಮುಚ್ಚುವ ಮೊದಲು ಇಬ್ಬರನ್ನು ಆರಿಸಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳಿಸಿ. ನಮ್ಮ ಓಣಿಯ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಎಂದು ನಡೆಯಿತು, ನಿಧಿಯ ಹಣ ಯಾವುದಕ್ಕೆ ಹೋಯಿತು ಎಂದು ಬರೆದು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬರಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಅವರು ಉತ್ತರಿಸಬೇಕು. ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಗಂಡನ ಮೊಬೈಲು ಸಂಖ್ಯೆ ಬರೆಯಬೇಡಿ, ಸಂಘದ ವಿಳಾಸ ಬರೆಯಿರಿ.