ಆವಕ ಪುಸ್ತಕದಲ್ಲಿ ಇಲ್ಲದ ಕಾಗದ

2025ರ ಆಗಸ್ಟ್ ಮೊದಲ ವಾರ. ಶ್ರಾವಣದ ಮಳೆ ಹಂಚಿನ ಮೇಲೆ ಸುರಿಯುತ್ತಿದ್ದ ರಾತ್ರಿ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರದ ಅಪರಾಧಿಯೆಂದು ವಿಶೇಷ ನ್ಯಾಯಾಲಯ ಆಗಸ್ಟ್ 1ರಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತ್ತು. “ಮೇಷ್ಟ್ರೇ, ಅಂತೂ ನ್ಯಾಯ ಸಿಕ್ಕಿತಲ್ಲ!” ಎಂದ. “ಹೌದಪ್ಪಾ” ಎಂದೆ. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ನನ್ನ ಟ್ರಂಕಿನಲ್ಲಿರುವ ಒಂದು ಹಳೆಯ ಕಾಗದ. ಅದರ ವಿಷಯವನ್ನು ಇದುವರೆಗೆ ಮನೆಯವರಿಗೂ ಹೇಳಿರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ಹೊರಗೆ ನಾನು ಕೆಲಸ ಮಾಡಿದವನಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಇವುಗಳಲ್ಲೊಂದು ತಾಲ್ಲೂಕಿನ ಶಾಲೆಯಲ್ಲಿದ್ದೆ. ಯಾವ ಶಾಲೆಯೆಂದು ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಕೆಲವರು ಆ ಹುಡುಗಿ ಯಾರೆಂದು ಲೆಕ್ಕ ಹಾಕಿಬಿಡುತ್ತೀರಿ. ಒಂಬತ್ತನೆಯ ತರಗತಿಯ ಆಕೆ ಕಾಪಿ ಪುಸ್ತಕದಿಂದ ಹರಿದ ಎರಡು ಹಾಳೆಗಳನ್ನು ಮಡಚಿ ನನ್ನ ಕೈಯಲ್ಲಿಟ್ಟು ಓಡಿಹೋದಳು. ನಮ್ಮ ಸಹೋದ್ಯೋಗಿಯೊಬ್ಬರು ತನ್ನೊಡನೆ ನಡೆದುಕೊಂಡ ಬಗೆಯನ್ನು ಅದರಲ್ಲಿ ಬರೆದಿದ್ದಳು. ಓದುವಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದರಲ್ಲಿನ ಕಾಗುಣಿತದ ತಪ್ಪುಗಳು ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಕಾಗದವನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಶಾಲೆಯ ಮರ್ಯಾದೆ, ಹುಡುಗಿಯ ಮರ್ಯಾದೆ ಎರಡೂ ಉಳಿಯಬೇಕು, ಮೇಷ್ಟ್ರೇ. ಇದು ನಮ್ಮಿಬ್ಬರಲ್ಲೇ ಇರಲಿ” ಎಂದರು. ನಾನು ತಲೆಯಾಡಿಸಿದೆ. ಆವಕ ಪುಸ್ತಕದಲ್ಲಿ ಆ ಕಾಗದಕ್ಕೆ ಸಂಖ್ಯೆ ಬೀಳಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ಗೊತ್ತು: ಸಂಖ್ಯೆ ಬೀಳದ ಕಾಗದ ಬಂದೇ ಇಲ್ಲ. ಬೇಸಿಗೆ ರಜೆಯಲ್ಲಿ ಆ ಶಿಕ್ಷಕರಿಗೆ ಬೇರೆ ಊರಿಗೆ ವರ್ಗವಾಯಿತು. ಆದೇಶದಲ್ಲಿ ‘ಕೋರಿಕೆಯ ಮೇರೆಗೆ’ ಎಂದಿತ್ತು. ಆ ಊರಿನ ಶಾಲೆಯಲ್ಲಿಯೂ ಹೆಣ್ಣುಮಕ್ಕಳು ಓದುತ್ತಿದ್ದರು. ಹುಡುಗಿ ಶಾಲೆ ಬಿಟ್ಟಳು. ಆಕೆಯ ವರ್ಗಾವಣೆ ಪತ್ರದಲ್ಲಿ ಕಾರಣದ ಮುಂದೆ ‘ಪಾಲಕರ ಇಚ್ಛೆ’ ಎಂದು ನಾನೇ, ನೀವೆಲ್ಲ ಹೊಗಳುತ್ತಿದ್ದ ಆ ದುಂಡಗಿನ ಅಕ್ಷರದಲ್ಲಿ ಬರೆದೆ.

2012ರ ಪೋಕ್ಸೊ ಕಾಯಿದೆಯ ಪ್ರಕಾರ ಇಂತಹ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆವಾಸ. ಅಂದು ಆ ಕಾಯಿದೆಯಿದ್ದಿದ್ದರೆ ನಾವಿಬ್ಬರೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತಿತ್ತು. ನಿಮ್ಮಲ್ಲಿ ಈಗ ಮುಖ್ಯೋಪಾಧ್ಯಾಯರಾಗಿರುವವರು ಇದನ್ನು ಗಮನಿಸಿ.

ಇನ್ನು ಹಾಸನದ ಮಾತು. 2023ರ ಜೂನ್‌ನಲ್ಲಿಯೇ ಪ್ರಜ್ವಲ್ ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಮಾನಹಾನಿಕರ ವಿಷಯ ಪ್ರಕಟಿಸಬಾರದೆಂದು 86 ಮಾಧ್ಯಮ ಸಂಸ್ಥೆಗಳಿಗೆ ತಡೆಯಾಜ್ಞೆ ತಂದಿದ್ದರು. ಅದೇ ಡಿಸೆಂಬರ್‌ನಲ್ಲಿ, ಹೊಳೆನರಸೀಪುರದಿಂದ ಬಿಜೆಪಿ ಅಭ್ಯರ್ಥಿಯಾಗಿದ್ದ ವಕೀಲರೊಬ್ಬರು ಇಂತಹ ವಿಡಿಯೊಗಳ ಬಗ್ಗೆ ಎಚ್ಚರಿಸಿ ತಮ್ಮ ಪಕ್ಷದ ರಾಜ್ಯಾಧ್ಯಕ್ಷರ ಹೆಸರಿಗೆ ಬರೆದ ಪತ್ರ ಮುಂದೆ ಬಹಿರಂಗವಾಯಿತು. ಮಿತ್ರಪಕ್ಷಗಳ ಅಭ್ಯರ್ಥಿಯಾಗಿ ಪ್ರಜ್ವಲ್ ನಿಂತದ್ದು ಅದಾದ ಮೇಲೆ. ಆ ಪತ್ರಕ್ಕೆ ಎಲ್ಲಾದರೂ ಆವಕ ಸಂಖ್ಯೆ ಬಿದ್ದಿತ್ತೇ ಎಂದು ಕೇಳುವ ಚಾಳಿ ನನ್ನಂತಹ ಹಳೆಯ ನೌಕರನದು.

2024ರ ಏಪ್ರಿಲ್ 26ರ ಮತದಾನಕ್ಕೆ ಮುನ್ನ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಕಂಡಕಂಡಲ್ಲಿ ಹರಡಿದವು. ಆ ಹೆಂಗಸರ ಮುಖಗಳನ್ನು ಮಸುಕು ಮಾಡುವಷ್ಟು ಸೌಜನ್ಯವೂ ಹಂಚಿದವರಿಗಿರಲಿಲ್ಲ. ಊರು ಬಿಟ್ಟುಹೋದ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಓದಿದೆವು. ಅತ್ಯಾಚಾರಕ್ಕೊಳಗಾದವಳ ಗುರುತನ್ನು ಹೊರಗೆಡಹುವುದು 1983ರಿಂದಲೂ ನಮ್ಮಲ್ಲಿ ಅಪರಾಧ. ಏಪ್ರಿಲ್ 25ರಂದು ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷರು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ವಿಶೇಷ ತನಿಖಾ ತಂಡದ ಘೋಷಣೆಯಾದದ್ದು ಮತದಾನ ಮುಗಿದ ಮರುದಿನ, 27ರಂದು. ಅಷ್ಟರೊಳಗೆ ಆರೋಪಿ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹೊರಟಾಗಿತ್ತು. ಈ ಪ್ರಯಾಣಕ್ಕೆ ತಮ್ಮ ಅನುಮತಿಯನ್ನು ಯಾರೂ ಕೇಳಿಲ್ಲ, ತಾವು ಕೊಟ್ಟೂ ಇಲ್ಲ ಎಂದು ವಿದೇಶಾಂಗ ಸಚಿವಾಲಯ ಮೇ 2ರಂದು ಹೇಳಿತು. ಪ್ರಜ್ವಲ್ ಮರಳಿ ಬಂದು ಬಂಧಿತರಾದದ್ದು ಮೇ 31ರಂದು.

ಇಲ್ಲಿ ಮರೆಯಲ್ಲಿರಬೇಕಾಗಿದ್ದ ಹೆಂಗಸರ ಮುಖಗಳು ಬಸ್ ನಿಲ್ದಾಣದಲ್ಲಿ ಬಿದ್ದವು. ಬೆಳಕಿಗೆ ಬರಬೇಕಾಗಿದ್ದ ವಿಷಯ, ಅಂದರೆ ಯಾರಿಗೆ ಯಾವಾಗ ತಿಳಿದಿತ್ತು, ತಿಳಿದವರು ಏನು ಮಾಡಿದರು ಎಂಬುದು, ಬೀರುವಿನಲ್ಲಿ ಉಳಿಯಿತು. ನಾನೂ ನಮ್ಮ ಮುಖ್ಯೋಪಾಧ್ಯಾಯರೂ ‘ಹುಡುಗಿಯ ಮರ್ಯಾದೆ’ ಎಂದು ಹೇಳಿ ಕಾಪಾಡಿದ್ದು ಯಾರನ್ನು ಎಂಬುದು ನನಗೆ ಈಗ ತಿಳಿಯುತ್ತಿದೆ. ಸಂತ್ರಸ್ತೆಯ ಹೆಸರನ್ನು ಮರೆಮಾಡುವುದು ಬೇರೆ, ಅವಳ ಹೆಸರಿನ ಮರೆಯಲ್ಲಿ ಇತರರು ಅಡಗುವುದು ಬೇರೆ. ತನಿಖೆ ನಡೆಯುತ್ತಿರುವಾಗ ಎಲ್ಲವನ್ನೂ ಬಯಲಿಗಿಡಲಾಗದು, ಒಪ್ಪುತ್ತೇನೆ. ತೀರ್ಪಿನ ವಿರುದ್ಧ ಹೈಕೋರ್ಟಿನಲ್ಲಿ ಮೇಲ್ಮನವಿಯಿದೆ, ಅದರ ಗುಣಾವಗುಣ ನನ್ನ ವಿಷಯವಲ್ಲ. ಆದರೆ ಪತ್ರ ಬಂದ ದಿನಾಂಕ, ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬ ವಿವರ, ಇವು ಯಾವ ಹೆಣ್ಣುಮಗಳ ಗುಟ್ಟೂ ಅಲ್ಲ. ಬೆಂಗಳೂರಿನ ಸರ್ಕಾರವೂ ದೆಹಲಿಯ ಸರ್ಕಾರವೂ ಇವನ್ನು ಜನರ ಮುಂದಿಡಬೇಕು.

ಅಮೆರಿಕದಲ್ಲಿ ಜೆಫ್ರಿ ಎಪ್‌ಸ್ಟೀನ್ ಎಂಬ ಧನಿಕನ ಪ್ರಕರಣದ ಕಡತಗಳನ್ನು ಹೊರಗೆ ತರಲು 2025ರ ನವೆಂಬರ್‌ನಲ್ಲಿ ಕಾನೂನನ್ನೇ ಮಾಡಬೇಕಾಯಿತು. ಸಂತ್ರಸ್ತರ ಗುರುತನ್ನು ಅಳಿಸಲು ಅದರಲ್ಲಿ ಅವಕಾಶವಿದೆ. ಮುಜುಗರವಾಗುತ್ತದೆ, ದೊಡ್ಡವರ ಹೆಸರಿಗೆ ಕುಂದು ಬರುತ್ತದೆ, ರಾಜಕೀಯವಾಗಿ ಸೂಕ್ಷ್ಮ ಎಂಬ ಕಾರಣಗಳಿಗೆ ಕಾಗದ ತಡೆಹಿಡಿಯುವಂತಿಲ್ಲ ಎಂದೂ ಇದೆ. ಅಲ್ಲಿಯವರು ಅದನ್ನು ಹೇಗೆ ಪಾಲಿಸಿದರೆಂಬ ಜಗಳ ಹಾಗಿರಲಿ, ಗೆರೆಯನ್ನು ಎಳೆದ ಜಾಗ ಸರಿಯಾಗಿದೆ.

ಕಾಗದ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2000ದಿಂದ 2015ರವರೆಗಿನ ಅಸಹಜ ಸಾವುಗಳ ದಾಖಲೆಗಳನ್ನು ನಿಯಮದಂತೆ ನಾಶಪಡಿಸಲಾಗಿದೆ ಎಂದು ಬೆಳ್ತಂಗಡಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದ್ದರು. 2025ರಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಹೂಳಿದ ಆರೋಪ ಎದ್ದಾಗ, ದೂರುದಾರನೇ ಕೊನೆಗೆ ಸುಳ್ಳು ಸಾಕ್ಷ್ಯದ ಆರೋಪದಲ್ಲಿ ಬಂಧಿತನಾದಾಗ, ತಾಳೆ ನೋಡಲು ಆ ದಾಖಲೆಗಳಿರಲಿಲ್ಲ. ಆರೋಪ ನಿಜವಾಗಿದ್ದರೂ ಸುಳ್ಳಾಗಿದ್ದರೂ ಅವು ಬೇಕಾಗಿದ್ದವು. ನಮ್ಮ ತೀರ್ಥಹಳ್ಳಿಯಲ್ಲಿ 2014ರಲ್ಲಿ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಾಗಲೂ ನೋಡಿದೆವಲ್ಲ. ಮಗುವಿನ ಹೆಸರು ಫಲಕಗಳ ಮೇಲೇರಿತು, ಬೀದಿಗೊಂದು ಕಥೆ ಹುಟ್ಟಿತು, ಊರು ಎರಡು ಪಾಲಾಯಿತು. ಸಿಐಡಿ ತನಿಖೆ ಅದು ಆತ್ಮಹತ್ಯೆಯೆಂದಿತು. ಅಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ತೀರ್ಪು ಬರೆದುಕೊಂಡಾಗಿತ್ತು.

2023ರಲ್ಲಿ ಸಾಗರದ ಮಾರಿಕಾಂಬಾ ಜಾತ್ರೆಯ ಜನಸಂದಣಿಯಲ್ಲಿ ಹೆಂಗಸೊಬ್ಬಳು ನನ್ನ ಮುಂದೆ ನಿಂತು ನಮಸ್ಕರಿಸಿದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಕೈಹಿಡಿದಿದ್ದ ಮೊಮ್ಮಗಳಿಗೆ, “ಇವರು ನಮಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು” ಎಂದಳು. ನಾನು ಮಳೆ, ಅಡಿಕೆ, ಕೊಳೆರೋಗ ಎಂದು ಏನೇನೋ ಮಾತಾಡಿದೆ. ಆ ಕಾಗದದ ಮಾತನ್ನು ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾದವನು ನಾನಾಗಿದ್ದೆ.

ಆ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಈಗಿಲ್ಲ. ಕಾಗದವಿದೆ. ಅದು ಆಕೆಯದು, ಆಕೆಯ ಮನೆಗೆ ಹೋಗಿ, ಒಪ್ಪಿದರೆ ಆಕೆಯ ಕೈಗೇ ಕೊಡಬೇಕೆಂದಿದ್ದೇನೆ. ಈ ವಾರ ಅದನ್ನು ಹೊರತೆಗೆದು ಬೇರೊಂದು ಹಾಳೆ ಲಗತ್ತಿಸಿ, ಅದು ನನ್ನ ಕೈಗೆ ಬಂದದ್ದು ಯಾವಾಗ, ಯಾರಿಗೆ ತೋರಿಸಿದೆ, ಏನು ತೀರ್ಮಾನವಾಯಿತು ಎಂಬುದನ್ನು ಬರೆದು ಸಹಿ ಹಾಕಿದ್ದೇನೆ. ದಿನಾಂಕ ಖಚಿತವಾಗಿ ನೆನಪಾಗಲಿಲ್ಲ. ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ಆ ದಿನ ತರಗತಿಯಲ್ಲಿ ಹುಡುಗರು ಇನ್ನೂ ಎಳ್ಳುಬೆಲ್ಲ ಹಂಚುತ್ತಿದ್ದರು.