ಮೀನಿಗೆ ತಕ್ಕ ಮಸಾಲೆ

ಮೀನು ಯಾವುದೇ ಇರಲಿ, ಮಸಾಲೆ ಒಂದೇ ಎನ್ನುವ ಅಭ್ಯಾಸ ನಮ್ಮ ಕರಾವಳಿಯ ಅನೇಕ ಅಡುಗೆ ಮನೆಗಳಲ್ಲಿದೆ. ಎಣ್ಣೆಯಂಶ ಹೆಚ್ಚಿರುವ ಬೂತಾಯಿ, ಬಂಗುಡೆಗೆ ಒಪ್ಪುವ ಹುಳಿ-ಖಾರ ನವಿರು ರುಚಿಯ ಕಾಣೆಗೆ ಬೇಕೇ? ನೀವೇ ಹೇಳಿ.

ಬಂಗುಡೆಗೆ ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಚಿಟಿಕೆ ಓಮ ಅರೆದು ಮಣ್ಣಿನ ಪಾತ್ರೆಯಲ್ಲಿ ಗಟ್ಟಿ ಸಾರು ಮಾಡಿ. ಕಾಣೆಗೆ ಉಪ್ಪು, ಅರಸಿನ, ಮೆಣಸಿನ ಹುಡಿ ಸವರಿ, ರವೆಯಲ್ಲಿ ಹೊರಳಿಸಿ ಕಾಯಿಸಿದರೆ ಸಾಕು. ಅಂಜಲ್ ತುಂಡು ಬೆರಳು ದಪ್ಪವಿರಲಿ. ತೆಳುವಾದರೆ ಕಾವಲಿಯಲ್ಲೇ ಒಣಗುತ್ತದೆ. ಅಷ್ಟು ಬೆಲೆ ಕೊಟ್ಟು ತಂದದ್ದಲ್ಲವೇ!

ರುಚಿಗಿಂತ ಮುಖ್ಯವಾದ ಮಾತೊಂದಿದೆ. ಬಂಗುಡೆ, ಬೂತಾಯಿಗಳನ್ನು ಮಂಜುಗಡ್ಡೆಯಿಲ್ಲದೆ ಗಂಟೆಗಟ್ಟಲೆ ಸೆಕೆಯಲ್ಲಿಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ತಿಂದವರ ಮುಖ ಕೆಂಪಾಗಿ ಮೈ ತುರಿಸುತ್ತದೆ, ತಲೆ ನೋಯುತ್ತದೆ, ಕೆಲವರಿಗೆ ವಾಂತಿ, ಭೇದಿಯೂ ಆಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೀನು ವಾಸನೆ ಬಾರದೆಯೂ ಇರಬಹುದು. ಆದ್ದರಿಂದ ಕಿವಿರು ಕೆಂಪಗಿದೆಯೇ ಎಂದು ನೋಡುವಾಗ, ಮೀನು ಮಂಜುಗಡ್ಡೆಯಲ್ಲಿದೆಯೇ ಎಂದೂ ನೋಡಿ. ತಂದ ಕೂಡಲೇ ಶುಚಿ ಮಾಡಿ ಫ್ರಿಜ್ಜಿನಲ್ಲಿಡಿ. ಮಸಾಲೆ ಹಚ್ಚಿದ ಮೀನೂ ಅಷ್ಟೇ, ಕಾಯಿಸುವವರೆಗೆ ಫ್ರಿಜ್ಜಿನಲ್ಲೇ ಇರಲಿ.