ಜೀಪಿನೊಳಗಿನ ನಕಾಶೆಯೂ ಗದ್ದೆಯ ಬಾಂದುಕಲ್ಲೂ

ಊರಿನ ಮುಖಂಡರೂ ಜಮೀನುದಾರರೂ ಆದ ವಾಚಕ ಮಹಾಶಯರಲ್ಲಿ ಒಂದು ವಿಷಯವನ್ನು ವಿಜ್ಞಾಪಿಸಿಕೊಳ್ಳಬೇಕಾಗಿದೆ. ಧಾರೇಶ್ವರದ ಸುತ್ತಮುತ್ತಲ ಗ್ರಾಮಗಳಲ್ಲಿ ಸಂಚರಿಸುವಾಗ, ಕೈಯಲ್ಲಿರುವ ಮೊಬೈಲಿನ ನಕಾಶೆಯನ್ನು ತೆರೆದು, ಅದರ ಮೇಲೆ ಸರಿದಾಡುವ ಚುಕ್ಕೆಯನ್ನೇ ಪ್ರಮಾಣವೆಂದು ಹಿಡಿದು, ನೆರೆಯವರೊಡನೆ ಗಡಿಯ ಜಗಳಕ್ಕೆ ನಿಂತವರನ್ನು ಈ ಲೇಖಕನು ಹಲವು ಸಲ ಕಂಡಿರುವನು. ಒಂದು ಸಾಲು ತೆಂಗಿನ ಮರಗಳಿಗಾಗಿ ಒಡಹುಟ್ಟಿದವರು ಮಾತು ಬಿಟ್ಟದ್ದುಂಟು. ಯಂತ್ರವು ಸುಳ್ಳಾಡುವುದಿಲ್ಲವಷ್ಟೆ, ಎಂದು ತರುಣರು ವಾದಿಸುತ್ತಾರೆ. ಯಂತ್ರವು ಸುಳ್ಳಾಡುವುದಿಲ್ಲವೆಂಬುದು ನಿಜ. ಆದರೆ ತಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ಜಿ.ಪಿ.ಎಸ್. ಎಂಬ ಅಮೇರಿಕದ ಏರ್ಪಾಡು 1995ರಲ್ಲಿ ಪೂರ್ಣವಾಯಿತು. ಸಾಮಾನ್ಯ ಜನರಿಗೆ ಬೇಕೆಂದೇ ಮಸುಕುಮಾಡಿ ಕೊಡುತ್ತಿದ್ದ ಅದರ ಸಂಕೇತವನ್ನು 2000ದ ಮೇ ತಿಂಗಳಿನಿಂದ ಮಸುಕಿಲ್ಲದೆ ಕೊಡತೊಡಗಿದರು. ನಮ್ಮ ದೇಶದವರೇ ನಿರ್ಮಿಸಿದ ನಾವಿಕ್ ಏರ್ಪಾಡಿನ ಮೊದಲನೆಯ ಉಪಗ್ರಹವು 2013ರಲ್ಲಿ ಮೇಲೇರಿತು. ನಾಲ್ಕು ಉಪಗ್ರಹಗಳಾದರೂ ಕಂಡರೆ ಯಂತ್ರವು ತಾನಿರುವ ಸ್ಥಳವನ್ನು ಗಣಿಸಬಲ್ಲದು. ಬಯಲಿನಲ್ಲಿ, ನಿರ್ಮಲವಾದ ಆಕಾಶದ ಕೆಳಗೆ, ಮೊಬೈಲಿನ ತಪ್ಪು ಸುಮಾರು 5 ಮೀಟರು, ಅಂದರೆ 16 ಅಡಿ. ತೆಂಗು ಅಡಿಕೆಗಳ ದಟ್ಟ ನೆರಳಿನಲ್ಲಿಯೂ ಗುಡ್ಡದ ಮಗ್ಗುಲಲ್ಲಿಯೂ ಅದು ಇನ್ನೂ ಹೆಚ್ಚುವುದು.

ಇದರೊಡನೆ ನಕಾಶೆಯ ತಪ್ಪನ್ನೂ ಕೂಡಿಸಬೇಕು. 1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ ತರುವಾಯ ಇಲ್ಲಿಯ ಮೋಜಣಿ ಮುಂಬಯಿ ಪದ್ಧತಿಯಂತೆ ನಡೆಯಿತು. ಸರಪಳಿ 33 ಅಡಿಯದು. ಅದಕ್ಕೆ 16 ಆಣೆ. ಒಂದು ಸರಪಳಿಯ ಚೌಕವೇ ಒಂದು ಗುಂಟೆ. ಹೀಗೆ ಅಳೆದ ನೆಲವನ್ನು ಗ್ರಾಮನಕಾಶೆಯಲ್ಲಿ ಒಂದು ಅಂಗುಲಕ್ಕೆ 660 ಅಡಿಯಂತೆ ಕುಗ್ಗಿಸಿ ಬರೆದಿರುವರು. ಆ ಕಾಗದದ ಮೇಲಿನ ಗೆರೆಯ ದಪ್ಪವು ಅಂಗುಲದ ಐವತ್ತನೆಯ ಒಂದು ಪಾಲೆಂದು ಎಣಿಸಿದರೂ, ನೆಲದ ಮೇಲೆ ಅದು 13 ಅಡಿಯಾಗುವುದು. ಹಳೆಯ ಕಾಗದವು ಮಳೆಗಾಲದ ತೇವಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿದ್ದು ಬೇರೆ. ಇಂಥ ನಕಾಶೆಯನ್ನು ಉಪಗ್ರಹಚಿತ್ರದ ಮೇಲೆ ಹೊಂದಿಸಿಟ್ಟು, 16 ಅಡಿ ತಪ್ಪುವ ಚುಕ್ಕೆಯಿಂದ, 20 ಅಡಿ ಅಗಲದ ತೆಂಗಿನ ಪಟ್ಟಿಯನ್ನು ತನ್ನದೆನ್ನುವುದು ವಿವೇಕವೇ? 2018ರಲ್ಲಿ ಸರಕಾರವು ಹೊರತಂದ ದಿಶಾಂಕ್ ಎಂಬ ಸಾಧನವು, ತಾವು ನಿಂತ ನೆಲದ ಸರ್ವೆ ನಂಬರು ಯಾವುದೆಂದು ತಿಳಿಯುವುದಕ್ಕೆ ಬಹು ಪ್ರಯೋಜನಕರ. ಬೇಲಿ ಹಾಕುವುದಕ್ಕೆ ಅದನ್ನು ನೆಚ್ಚತಕ್ಕದ್ದಲ್ಲ. ಸ್ಥಿರವಾದ ಆಧಾರಕೇಂದ್ರಗಳಿಂದ ಕ್ಷಣಕ್ಷಣಕ್ಕೂ ತಿದ್ದುಪಡಿ ಪಡೆಯುವ ರೋವರ್ ಯಂತ್ರವು ಮಾತ್ರ ಒಂದೆರಡು ಅಂಗುಲದಷ್ಟು ಖಚಿತವಾಗಿ ಅಳೆಯಬಲ್ಲದು. ಅದೂ ಭೂಮಾಪಕರ ಕೈಯಲ್ಲಿದ್ದು, ಟಿಪ್ಪಣಿ ಆಕಾರಬಂದುಗಳೊಡನೆ ತಾಳೆಯಾದರೆ ಮಾತ್ರ ಹದ್ದುಬಸ್ತು ಎನ್ನಿಸಿಕೊಳ್ಳುವುದು.

ಹಾಗಾದರೆ ವಾಹನದಲ್ಲಿ ಕೂಡಿಸುವ ನಕಾಶೆಯ ಗಣಕಯಂತ್ರದ ಗೊಡವೆ ನಮಗೇಕೆ, ಎಂದು ಕೇಳಬಹುದು. ಧೂಳು, ನೀರು, ಕುಲುಕಾಟಗಳನ್ನು ತಡೆಯುವ ಗಟ್ಟಿ ಕವಚದ ಇಂಥ ಗಣಕಗಳು ಹೊಸವೇನಲ್ಲ. ಪ್ಯಾನಸೋನಿಕ್ ಸಂಸ್ಥೆಯ ಟಫ್‌ಬುಕ್ ಎಂಬುದು 1996ರಷ್ಟು ಹಿಂದೆಯೇ ಬಂದಿತು. ಪರದೇಶಗಳಲ್ಲಿ ಪೋಲೀಸರ ವಾಹನಗಳಲ್ಲಿ ಇವು ಸಾಮಾನ್ಯ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಗೆ ಅಂಥದೇ ಬೇಕು. ಅದರ ಗ್ರಾಹಕವನ್ನು ವಾಹನದ ಮಾಡಿನ ಮೇಲೆ ಕೂಡಿಸುವುದರಿಂದ ಆಕಾಶವು ಚೆನ್ನಾಗಿ ಕಾಣುವುದು. ನಕಾಶೆಯನ್ನು ಮೊದಲೇ ಒಳಗೆ ತುಂಬಿಟ್ಟರೆ, ಮೊಬೈಲಿನ ಸಂಪರ್ಕ ಸಿಗದ ಗುಡ್ಡದ ಸಂದಿಯಲ್ಲಿಯೂ ಕೆಲಸ ನಡೆಯುವುದು. ಇವೆಲ್ಲಕ್ಕಿಂತ ಹೆಚ್ಚಿನ ಲಾಭವೊಂದಿದೆ. ಮೊಬೈಲನ್ನು ಒಬ್ಬನು ನೋಡಿ ಉಳಿದವರಿಗೆ ಹೇಳುತ್ತಾನೆ; ಅವನು ಹೇಳಿದ್ದನ್ನು ನಂಬಬೇಕು. ವಾಹನದ ಅಗಲವಾದ ಪರದೆಯನ್ನು ಊರಿನ ನಾಲ್ವರು ಏಕಕಾಲಕ್ಕೆ ನೋಡಿ, ಅಲ್ಲವೆನಿಸಿದ್ದನ್ನು ಅಲ್ಲಿಯೇ ಅಲ್ಲವೆನ್ನಬಹುದು. ಆದರೆ ವಾಹನವು ರಸ್ತೆಯ ಅಂಚಿನಲ್ಲೇ ನಿಲ್ಲುವುದು. ಅಲ್ಲಿಂದಾಚೆಗೆ ಗದ್ದೆಯ ಹಾಳಿಯ ಮೇಲೆ ನಡೆದೇ ಹೋಗಬೇಕು. ಜೀಪಿನಲ್ಲಿ ಕುಳಿತೇ ಬೆಳೆ ಬರೆದುಕೊಂಡ ನೌಕರನ ಬರಹಕ್ಕೆ ಬೆಲೆಯಿಲ್ಲ; ಅವನು ನನ್ನ ಇಲಾಖೆಯವನಾದರೂ ಸರಿಯೆ.

ಈ ಸಾಧನದ ನಿಜವಾದ ಉಪಯೋಗವು ಗಡಿಯಲ್ಲಿಲ್ಲ, ವಿಸ್ತಾರದಲ್ಲಿದೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಬಿಟ್ಟು ಸಿಗಡಿ, ಮೀನು. ಬೇಸಿಗೆಯಲ್ಲಿ ತೆಗೆದ ಉಪಗ್ರಹಚಿತ್ರದಲ್ಲಿ ಆ ನೆಲವೆಲ್ಲ ಬರಿಯ ನೀರಾಗಿ ತೋರುವುದು. ಕಟ್ಟೆಯೊಡೆದು ಭತ್ತ ಹಾಳಾದ ವರ್ಷ, ಎಷ್ಟು ಎಕರೆಗೆ ಉಪ್ಪುನೀರು ನುಗ್ಗಿತೆಂಬುದನ್ನು ಅಂದಾಜಿನ ಮೇಲೆ ಬರೆದರೆ ಪರಿಹಾರವೂ ಅಂದಾಜಿನದೇ ಆಗುವುದು. ನೀರು ನಿಂತ ಅಂಚನ್ನು ಎರಡು ಮೂರು ದಿನಗಳೊಳಗೆ ಗ್ರಾಹಕ ಹಿಡಿದು ಸುತ್ತಿಬಂದು, ಒಡೆದ ಕಟ್ಟೆಯ ಸ್ಥಳವನ್ನು ಗುರುತಿಸಿ, ವಾಹನದ ನಕಾಶೆಗೆ ಇಳಿಸಿದರೆ, ಅಲ್ಲಿ ಹತ್ತು ಹದಿನಾರು ಅಡಿಯ ತಪ್ಪು ಏನೂ ಬಾಧಕವಲ್ಲ. ಹತ್ತು ಎಕರೆಯ ಸುತ್ತಳತೆಯಲ್ಲಿ ಅದು ಅಲ್ಪವೇ. ತಾಲೂಕಿಗೆ ಇಂಥ ಒಂದು ವಾಹನವಿದ್ದರೆ ಸಾಕು. ಅದು ಮಳೆಯ ಮರುದಿನವೇ ಹೊರಡಬೇಕು, ತಿಂಗಳ ಮೇಲಲ್ಲ.

2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಮೊಬೈಲಿನಿಂದ ಮಾಡಿಕೊಳ್ಳಲು ಅವಕಾಶವಾಗಿದೆ. ವಿಮೆ, ನಷ್ಟಪರಿಹಾರ, ಬೆಂಬಲ ಬೆಲೆಯ ಖರೀದಿಗಳಿಗೆ ಈ ದಾಖಲೆಯನ್ನೇ ನೋಡುವರು. ಭತ್ತ ನಿಂತ ಗದ್ದೆಯು ಬೀಳೆಂದು ದಾಖಲಾದರೆ ಆ ವರ್ಷದ ನಷ್ಟವನ್ನು ಕೇಳುವ ಬಾಯಿಯೇ ಕಟ್ಟಿಹೋಗುವುದು. ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿರುವ ಜಮೀನುದಾರರ ಗದ್ದೆಗಳಲ್ಲಿ ಇದು ಸುಲಭವಾಗಿ ಸಂಭವಿಸುವಂಥದು. ಗೇಣಿಯೋ ಸ್ನೇಹವೋ, ಗದ್ದೆ ಮಾಡುತ್ತಿರುವವನಿಗೆ ಅದರ ಸುಳಿವೂ ಇರುವುದಿಲ್ಲ. ಮುಖಂಡರು ಇಂಥ ಗದ್ದೆಗಳ ಪಟ್ಟಿಯೊಂದನ್ನು ಮಾಡಿ, ಸಮೀಕ್ಷೆಯ ಅವಧಿ ಮುಗಿಯುವ ಮೊದಲು ಒಡೆಯರಿಗೆ ಪತ್ರವನ್ನಾದರೂ ದೂರವಾಣಿಯನ್ನಾದರೂ ಮಾಡಿಸಿದರೆ ಬಹಳ ಉಪಕಾರವಾಗುವುದು.

ಮತ್ತೊಂದು ಕೆಲಸವು ಜಮೀನುದಾರರದೇ. ಮಳೆ ಹಿಡಿಯುವ ಮೊದಲು ತಮ್ಮ ತಮ್ಮ ಬಾಂದುಕಲ್ಲುಗಳ ಸುತ್ತಲ ಪೊದೆಗಳನ್ನು ಸವರಿಸಿ, ಹೂತುಹೋದವನ್ನು ನೆರೆಯವರ ಸಮಕ್ಷಮದಲ್ಲಿ ತೋಡಿ ಕಾಣುವಂತೆ ಮಾಡಿಡಬೇಕು. ಕೀಳುವುದಾಗಲಿ ಸರಿಸುವುದಾಗಲಿ ಕೂಡದು. ಕಲ್ಲು ಸಿಗದ ಕಡೆ ಹಳೆಯ ಒಕ್ಕಲುಗಳಿಂದ ಕೇಳಿ ಗುರುತು ಮಾಡಿ, ಅಳತೆಗೆ ಅರ್ಜಿ ಕೊಡಬೇಕು. ಗಜನಿಯ ಕೆಸರಿನಲ್ಲಿ ಕಲ್ಲು ನಿಲ್ಲುವುದೇ ಕಷ್ಟವಾದ್ದರಿಂದ, ಅಲ್ಲಿಯ ಒಡೆಯರು ಒಟ್ಟಾಗಿ ರೋವರ್ ಅಳತೆ ಮಾಡಿಸಿ, ಪ್ರತಿಯೊಂದು ಮೂಲೆಯ ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಕಾಗದದ ಮೇಲೆ ಬರೆಯಿಸಿ, ಪಹಣಿಯೊಡನೆ ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.